ಅಂಗಾಲಿಗೆ ಕೇಳುವ ಗಾಡಿ

ಡೀಸೆಲ್ ಗಾಡಿ ಯಾಕೆ ಮೇಲು ಎಂದು ನಮ್ಮ ಭಾವನನ್ನು ಕೇಳಿದವರ ಅವತ್ತಿನ ಅರ್ಧ ದಿನ ಹೋಯಿತೆಂದೇ ತಿಳಿಯಬೇಕು. ಭಾವ ಅವರನ್ನು ಪಿಕಪ್ಪಿನ ಹತ್ತಿರ ಕರೆದುಕೊಂಡು ಹೋಗಿ, ಬಾನೆಟ್ಟಿನ ಮೇಲೆ ಮೊಣಕೈ ಊರಿ, ಹೆಣ್ಣಿನ ಕಡೆಯ ಹಿರಿಯರ ಹಾಗೆ ಗಂಟಲು ಸರಿ ಮಾಡಿಕೊಳ್ಳುತ್ತಿದ್ದರು. ಪೆಟ್ರೋಲ್ ಗಾಡಿ ಕುದುರೆ, ಓಡುತ್ತಾ ಓಡುತ್ತಾ ಎಳೆಯುತ್ತದೆ. ಡೀಸೆಲ್ ಎತ್ತು, ನಿಂತ ಕಾಲಿನಲ್ಲೇ ಎಳೆಯುತ್ತದೆ. ಒಂದು ಟನ್ ಗಾಜು ಹೇರಿ ಏರಿನ ನಡುವೆ ನಿಲ್ಲಿಸಿ, ಆಕ್ಸಿಲರೇಟರ್ ಮುಟ್ಟದೆ ಬರೀ ಕ್ಲಚ್ ಬಿಟ್ಟು ನೋಡಿ, ತೆವಳಿಕೊಂಡಾದರೂ ಹೊರಟೇ ಹೊರಡುತ್ತದೆ. ಕುಡಿಯುವುದು ಕಡಿಮೆ, ಬಾಳುವುದು ಹೆಚ್ಚು. ಪೆಟ್ರೋಲ್ ಗಾಡಿ ಹೊಸ ಅಳಿಯನಿದ್ದ ಹಾಗೆ, ನೋಡುವುದಕ್ಕೆ ಚೆಂದ, ಎರಡು ಮೂಟೆ ಹೊರಿಸಿದರೆ ಮುಖ ಊದಿಸಿಕೊಳ್ಳುತ್ತದೆ. ಹೀಗೆ ಸಾಗುತ್ತಿತ್ತು ಅವರ ಪುರಾಣ. ಕೇಳಿದವರು ತಲೆ ಆಡಿಸಿ ಆಡಿಸಿ ಕತ್ತು ನೋಯಿಸಿಕೊಂಡು ಹೋಗುತ್ತಿದ್ದರು.

ಅವರು ಹೇಳುತ್ತಿದ್ದುದರಲ್ಲಿ ಸುಳ್ಳೇನೂ ಇರಲಿಲ್ಲ. ಭಾರ ಹೊರುವ ಡ್ರೈವರುಗಳನ್ನು ಯಾವ ರಸ್ತೆಯಲ್ಲಿ ನಿಲ್ಲಿಸಿ ಕೇಳಿದರೂ ಇದನ್ನೇ ಹೇಳುತ್ತಾರೆ. ಆದರೆ ಭಾವ ಡೀಸೆಲ್ ಗಾಡಿಗೆ ಜೋತುಬಿದ್ದದ್ದು ಇದ್ಯಾವುದಕ್ಕೂ ಅಲ್ಲ. ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ. ಆ ಹಳೆಯ ಡೀಸೆಲ್ ಎಂಜಿನ್ನಿನ ಗಡಗಡ ಮಾತ್ರ ಅವರಿಗೆ ಸೀಟಿನಿಂದ, ಸ್ಟಿಯರಿಂಗಿನಿಂದ, ಅಂಗಾಲಿನಿಂದ ಒಳಗೆ ಬರುತ್ತಿತ್ತು. ಈ ಸಂಗತಿ ಗೊತ್ತಿದ್ದದ್ದು ನನಗೊಬ್ಬನಿಗೆ. 

ನಾನು ಗಾಜು ಕೊಯ್ಯುವವನು. ಭಾವ ಎಂದರೆ ನನ್ನ ಅಕ್ಕನ ಗಂಡ. ನಾನಿರುವ ಗಾಜಿನ ಅಂಗಡಿಯಲ್ಲೇ ಅವರು ಇಪ್ಪತ್ತೆರಡು ವರ್ಷಗಳಿಂದ ಪಿಕಪ್ ಓಡಿಸುತ್ತಿದ್ದರು. ನನ್ನನ್ನು ಕೆಲಸಕ್ಕೆ ಸೇರಿಸಿದವರೂ ಅವರೇ. ನಾನು ಭಾವ ಭಾವ ಎಂದು ಕರೆಯುವುದನ್ನು ಕೇಳಿ ಅಂಚು ಉಜ್ಜುವವನೂ ಭಾವ ಎಂದ, ಕನ್ನಡಿಗೆ ಚೌಕಟ್ಟು ಹಾಕುವವಳೂ ಭಾವ ಎಂದಳು, ಕೊನೆಗೆ ಅಂಗಡಿಯ ಒಡತಿಯೂ ಹಾಗೇ ಕರೆಯತೊಡಗಿದರು. ಒಬ್ಬ ಅಕ್ಕನನ್ನು ಕಟ್ಟಿಕೊಂಡು ಇಡೀ ಅಂಗಡಿಗೆ ಭಾವನಾದವರು ಇವರೊಬ್ಬರೇ ಇರಬೇಕು.

ಕಿವಿಯ ವಿಷಯ ನನಗೆ ಗೊತ್ತಾಗಿ ಎಂಟು ತಿಂಗಳಾಗಿತ್ತು. ದೊಡ್ಡ ಗಾಜಿದ್ದ ದಿನ ಇಳಿಸುವುದಕ್ಕೆ ನಾನೂ ಜೊತೆಗೆ ಹೋಗುವುದು ವಾಡಿಕೆ. ಅವತ್ತು ಖಾಲಿ ಗಾಡಿಯಲ್ಲಿ ವಾಪಸ್ಸು ಬರುತ್ತಿದ್ದಾಗ ಹಿಂಬಾಗಿಲಿನ ಕೊಂಡಿ ಕಳಚಿಕೊಂಡಿತು. ಹಳ್ಳ ಸಿಕ್ಕಿದಾಗಲೆಲ್ಲ ಭಡ್ ಭಡ್ ಎಂದು ತಗಡು ಬಡಿದುಕೊಳ್ಳುತ್ತಿತ್ತು. ರಸ್ತೆಯವರು ಕೈಬೀಸುತ್ತಿದ್ದರು. ಭಾವ ಅವರಿಗೆಲ್ಲ ತಿರುಗಿ ಕೈಬೀಸುತ್ತಿದ್ದರು. ಹಿಂದಿನ ಬಾಗಿಲು ಬಿಚ್ಚಿಕೊಂಡಿದೆ ಎಂದು ನಾನು ಹೇಳಿದೆ. ಅವರು ರಸ್ತೆಯನ್ನೇ ನೋಡುತ್ತಾ, ಹೌದು ಕಣೋ, ಈ ವರ್ಷ ಸೆಕೆ ಜಾಸ್ತಿ ಎಂದರು. ನಾನು ನಕ್ಕೆ. ಅವರು ನಗಲಿಲ್ಲ. ಆಮೇಲೆ ನನಗೂ ನಗು ನಿಂತುಹೋಯಿತು.

ಗಾಡಿ ಪಕ್ಕಕ್ಕೆ ಹಾಕಿಸಿ ಮುಖ ನೋಡಿ ಕೇಳಿದಾಗ ಒಪ್ಪಿಕೊಂಡರು. ಎಡಗಿವಿ ಹೋಗಿ ಐದು ವರ್ಷವಂತೆ. ಬಲಗಿವಿಯಲ್ಲಿ ಉಳಿದದ್ದು, ಮುಚ್ಚಿದ ಬಾಗಿಲಿನ ಆಚೆಯಿಂದ ಯಾರೋ ಗೊಣಗಿದಷ್ಟು. ಹಾಗಾದರೆ ಗಾಡಿ ಹೇಗೆ ಓಡಿಸುತ್ತೀರಿ ಎಂದೆ. ಅವರು ಬರಿಗಾಲನ್ನು ಎತ್ತಿ ತೋರಿಸಿದರು. ಗಾಡಿಯಲ್ಲಿ ಅವರು ಚಪ್ಪಲಿ ಹಾಕುತ್ತಿರಲಿಲ್ಲ. ಸೆಕೆಗೆ ಹಾಗೆ ಎಂದುಕೊಂಡಿದ್ದೆ.

"ಕಾಲಿಗೆ ಕೇಳುತ್ತೆ ಕಣೋ," ಎಂದರು. "ಎಂಜಿನ್ ಯಾವಾಗ ಸುಸ್ತಾಯ್ತು, ಯಾವಾಗ ಗೇರ್ ಕೇಳ್ತಿದೆ, ಎಲ್ಲಾ ಗೊತ್ತಾಗುತ್ತೆ. ನಿಂಗೆ ಕಿವೀಲಿ ಕೇಳೋದಕ್ಕಿಂತ ಚೆನ್ನಾಗಿ."

ಹಿಂದೆ ಬರುವ ಹಾರ್ನು ಎಂದೆ. ಕನ್ನಡಿ ಇದೆಯಲ್ಲ ಎಂದರು. ಡಾಕ್ಟರ ಹತ್ತಿರ ಹೋಗೋಣ ಎಂದೆ. ಡಾಕ್ಟರು ಮೊದಲು ಬರೆಯುವುದೇ ಗಾಡಿ ಓಡಿಸಬೇಡ ಅಂತ ಎಂದರು. ಅಕ್ಕನಿಗೆ ಗೊತ್ತಿಲ್ಲವೇ ಎಂದರೆ ಮಾತ್ರ ಜೋರಾಗಿ ನಕ್ಕರು. ಮದುವೆಯಾದ ದಿನದಿಂದ ಇವರು ನನ್ನ ಮಾತು ಕೇಳಿಸಿಕೊಂಡೇ ಇಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ಬಂದವಳು ಅವಳು, ಈಗ ನಿಜವಾಗಿ ಕೇಳಿಸದಿದ್ದರೆ ಅವಳಿಗೆ ಹೊಸದೇನು ಕಂಡೀತು ಎಂದರು. ನಗುನಗುತ್ತಲೇ ನನ್ನ ಕೈ ಹಿಡಿದು ಯಾರಿಗೂ ಹೇಳುವುದಿಲ್ಲ ಎಂದು ಭಾಷೆ ತೆಗೆದುಕೊಂಡರು. ಕೊಟ್ಟೆ. ಕೊಡಬಾರದಿತ್ತು.

ಆಮೇಲೆ ನೋಡುತ್ತಾ ಹೋದ ಹಾಗೆ ಅವರ ಉಪಾಯಗಳೆಲ್ಲ ನನಗೆ ತಿಳಿದವು. ಎದುರಿಗಿದ್ದವರ ತುಟಿಯಿಂದ ಅವರ ಕಣ್ಣು ಕದಲುತ್ತಿರಲಿಲ್ಲ. ಮೀಸೆ ದಪ್ಪಗಿದ್ದವರ ಜೊತೆ ಮಾತು ಬೆಳೆಸುತ್ತಿರಲಿಲ್ಲ. ಗುಂಪಿನಲ್ಲಿ ತಾವೇ ಮೊದಲು ಬಾಯಿ ತೆರೆದು, ಮುಚ್ಚುತ್ತಲೇ ಇರಲಿಲ್ಲ. ಹೆಚ್ಚು ಮಾತಾಡುವವನಿಗೆ ಕೇಳಿಸಿಕೊಳ್ಳುವ ಕೆಲಸವೇ ಬೀಳುವುದಿಲ್ಲವಲ್ಲ. ಡೀಸೆಲ್ ಪುರಾಣ ಅಷ್ಟುದ್ದವಾಗಿದ್ದದ್ದು ಯಾಕೆಂದು ನನಗೆ ಆಗ ಹೊಳೆಯಿತು.

ಹೀಗಿರುವಾಗ ಒಂದು ಸೋಮವಾರ ಒಡತಿ ನಮ್ಮನ್ನು ಕರೆದರು. ಅವರನ್ನು ನಾವು ಮೇಡಂ ಎನ್ನುತ್ತಿದ್ದೆವು. ಹಳೆಯ ಯಜಮಾನರ ಮಗಳು, ಭಾವ ಕೆಲಸಕ್ಕೆ ಸೇರಿದಾಗ ಶಾಲೆಯ ಚೀಲ ಹೊತ್ತು ಇದೇ ಪಿಕಪ್ಪಿನಲ್ಲಿ ಹೋಗಿಬರುತ್ತಿದ್ದವರು. ಮೇಜಿನ ಮೇಲೆ ಒಂದು ದೊಡ್ಡ ಕನ್ನಡಿ ಮಲಗಿಸಿದ್ದರು. ಮೂಲೆಯಲ್ಲಿ ಕೂದಲೆಳೆಯಂಥ ಬಿರುಕು. ತಿಂಗಳಲ್ಲಿ ಇದು ಮೂರನೆಯದು, ಮೂರೂ ಗಿರಾಕಿಗಳ ಮನೆ ಬಾಗಿಲಿನಿಂದ ವಾಪಸ್ಸು ಬಂದವು ಎಂದರು. ಕೊಯ್ದವನು ನಾನೇ ಆದ್ದರಿಂದ ತಪ್ಪು ನನ್ನ ತಲೆಗೇ ಬಂತು ಎಂದುಕೊಂಡೆ. ಆದರೆ ಅವರ ಬೆರಳು ಹೊರಗೆ ನಿಂತಿದ್ದ ಪಿಕಪ್ಪಿನ ಕಡೆಗಿತ್ತು.

"ಓಡೋ ಗಾಡಿ ನಡುಗಿದ್ರೆ ನಡುಗ್ಲಿ ಭಾವ," ಎಂದರು ಮೇಡಂ. "ಇದು ನಿಂತಲ್ಲೇ ನಡುಗುತ್ತೆ. ಕನ್ನಡಿ ಏನು ಮಾಡ್ಬೇಕು ಹೇಳಿ."

ಶೋರೂಮಿನಿಂದ ಒಂದು ಪೆಟ್ರೋಲ್ ಪಿಕಪ್ಪನ್ನು ಒಂದು ವಾರ ಓಡಿಸಿ ನೋಡುವುದಕ್ಕೆ ಕೇಳಿದ್ದರಂತೆ. ಸರಿ ಎನಿಸಿದರೆ ಹಳೆಯದನ್ನು ಕೊಟ್ಟು ಅದನ್ನು ತೆಗೆದುಕೊಳ್ಳುವುದು. ಭಾವ ಕುದುರೆ, ಎತ್ತು, ಹೊಸ ಅಳಿಯ ಎಲ್ಲವನ್ನೂ ಒಂದೇ ಉಸಿರಿಗೆ ಹೊರಗೆ ಬಿಟ್ಟರು. ಮೇಡಂ ಕೊನೆಯವರೆಗೂ ಕೇಳಿಸಿಕೊಂಡರು, ಅದು ಅವರ ಒಳ್ಳೆಯತನ. ಆಮೇಲೆ, ಓಡಿಸಿ ನೋಡಿ, ಆಗುವುದಿಲ್ಲ ಅಂತ ನೀವೇ ಹೇಳಿದರೆ ನಾನು ಮತ್ತೆ ಕೇಳುವುದಿಲ್ಲ ಎಂದರು.

ಮಧ್ಯಾಹ್ನಕ್ಕೆ ಗಾಡಿ ಬಂತು. ಬಿಳೀ ಬಣ್ಣ, ಸೀಟಿನ ಪ್ಲಾಸ್ಟಿಕ್ಕನ್ನು ಇನ್ನೂ ತೆಗೆದಿರಲಿಲ್ಲ. ತಂದವಳು ಶೋರೂಮಿನ ಹೆಂಗಸು, ಚುರುಕು ಮಾತಿನವಳು. ಕೀಲಿ ತಿರುಗಿಸಿ, ಹೆಮ್ಮೆಯಿಂದ ಭಾವನ ಕಡೆ ನೋಡಿ, "ಎಂಜಿನ್ ಆನ್ ಇದೆಯೋ ಇಲ್ವೋ ಗೊತ್ತೇ ಆಗಲ್ಲ ಸರ್," ಎಂದಳು.

ಭಾವ ಅವಳ ತುಟಿಯನ್ನು ಓದಿಕೊಂಡರು. ನಗುತ್ತಾ ತಲೆಯಾಡಿಸಿದರು. ಅವರ ಕೈ ಮಾತ್ರ ಬಾನೆಟ್ಟಿನ ಮೇಲೆ ಅಂಗೈ ಅಗಲಿಸಿ ಹುಡುಕುತ್ತಿತ್ತು, ಕತ್ತಲೆ ಕೋಣೆಯಲ್ಲಿ ಗೋಡೆ ತಡಕುವವರ ಹಾಗೆ.

ಅವತ್ತಿನಿಂದ ನನಗೆ ನೆಮ್ಮದಿ ತಪ್ಪಿತು. ಗಾಜು ಕೊಯ್ಯುವುದಕ್ಕೆ ಒಂದೇ ಗೆರೆ, ಒಂದೇ ಎಳೆತ. ತಡೆದು ಎಳೆದರೆ ಗಾಜು ತನಗೆ ಬೇಕಾದ ಕಡೆ ಸೀಳಿಕೊಳ್ಳುತ್ತದೆ. ಆ ವಾರ ನಾನು ಕೊಯ್ದದ್ದಕ್ಕಿಂತ ಕೆಡಿಸಿದ್ದು ಹೆಚ್ಚು. ಅಂಚು ಉಜ್ಜುವವನು ಬಂದು, ಮನೆಯಲ್ಲಿ ಜಗಳವೇ ಎಂದು ಕೇಳಿದ. ನನಗೆ ಮದುವೆಯೇ ಆಗಿಲ್ಲ ಮಾರಾಯ ಎಂದೆ. ಅದಕ್ಕೇ ಕೇಳಿದ್ದು, ಜಗಳಕ್ಕೆ ಯಾರೂ ಇಲ್ಲ ಅನ್ನುವ ಚಿಂತೆಯೇನೋ ಅಂತ ಎಂದ.

ನಾನೂ ಭಾವನೂ ಒಂದು ಏರ್ಪಾಡು ಮಾಡಿಕೊಂಡೆವು. ವಾರಪೂರ್ತಿ ನಾನು ಜೊತೆಗೆ ಹೋಗುವುದು. ಎಂಜಿನ್ ಶುರುವಾದರೆ ಅವರ ತೊಡೆಯ ಪಕ್ಕ ಸೀಟಿಗೆ ಒಂದು ಸಲ ತಟ್ಟುವುದು, ಸದ್ದು ಜಾಸ್ತಿಯಾದರೆ ಎರಡು ಸಲ, ನಿಂತುಹೋದರೆ ಮೂರು. ಮುಂದೆ ಎಂಜಿನ್ನಿನ ವೇಗವನ್ನು ಮುಳ್ಳಿನಲ್ಲಿ ತೋರಿಸುವ ಗಡಿಯಾರ ಇದೆಯಲ್ಲ, ಅದನ್ನು ನೋಡಿಕೊಳ್ಳಿ ಎಂದು ನಾನು ಹೇಳಿದ್ದಕ್ಕೆ, ಕಣ್ಣು ರಸ್ತೆಯ ಮೇಲೆ ಇಡಲೋ ಮುಳ್ಳಿನ ಮೇಲೆ ಇಡಲೋ, ಇರುವುದು ಎರಡೇ ಎಂದರು. ಅದೂ ನಿಜವೇ. ಹಿಂದಿನಿಂದ ಬರುವುದನ್ನು ಕನ್ನಡಿಯಲ್ಲಿ ಕಾಯುವುದಕ್ಕೇ ಅವರ ಕಣ್ಣು ಸಾಲುತ್ತಿರಲಿಲ್ಲ.

ಮಂಗಳವಾರ ಅವರು ಕ್ಲಚ್ ಬಿಡುವಾಗಲೆಲ್ಲ ಎಂಜಿನ್ ಕಿರುಚಿಕೊಂಡಿತು. ಕಾಲಿಗೆ ಏನೂ ಕೇಳಿಸದೆ ಅವರು ಇನ್ನಷ್ಟು ಒತ್ತುತ್ತಿದ್ದರು, ನಾನು ಎರಡೆರಡು ಸಲ ತಟ್ಟುತ್ತಲೇ ಇದ್ದೆ. ದಾರಿಯ ಜನ ತಿರುಗಿ ನೋಡಿದರು. ಬಸ್ಸು ಕಾಯುತ್ತಿದ್ದ ಅಜ್ಜಿಯೊಬ್ಬರು ಕಿವಿ ಮುಚ್ಚಿಕೊಂಡರು. ಭಾವ ಅವರಿಗೆ ನಮಸ್ಕಾರ ಮಾಡಿದರು. ಬುಧವಾರ ಅಂಗಡಿಯ ಬಾಗಿಲಲ್ಲೇ, ಎಲ್ಲರೂ ಟೀ ಕುಡಿಯುತ್ತಾ ನಿಂತಿದ್ದಾಗ, ಓಡುತ್ತಿದ್ದ ಎಂಜಿನ್ನಿಗೆ ಮತ್ತೆ ಕೀಲಿ ತಿರುಗಿಸಿದರು. ಕರ್ರ್ ಎಂದು ಹಲ್ಲು ಹಲ್ಲು ಕಡಿದ ಸದ್ದು. ಕಲಿಯುವವರು ಮಾಡುವ ತಪ್ಪು ಅದು. ಎಲ್ಲರ ಲೋಟವೂ ಬಾಯಿಯ ಹತ್ತಿರ ನಿಂತಿತು. ಇಪ್ಪತ್ತೆರಡು ವರ್ಷದ ಡ್ರೈವರ್ ಹೀಗೆ ಮಾಡಿದ್ದನ್ನು ಯಾರೂ ನಂಬಲಿಲ್ಲ, ಆದ್ದರಿಂದ ಎಲ್ಲರೂ ತಮಾಷೆ ಎಂದುಕೊಂಡರು. ಭಾವ ಹೊಸ ಗಾಡಿಯನ್ನು ಅಣಕಿಸುತ್ತಿದ್ದಾರೆ ಎಂದು ಚೌಕಟ್ಟಿನವಳು ನಕ್ಕಳು. ಅವಳ ನಗು ನೋಡಿ ಭಾವನೂ ನಕ್ಕರು. ನಾನು ಟೀ ಚೆಲ್ಲಿ ಗಾಡಿ ಹತ್ತಿದೆ.

ಗುರುವಾರ ಟ್ಯಾಂಕಿನ ಏರಿನ ಮೇಲಿನ ಮನೆಯೊಂದಕ್ಕೆ ದಪ್ಪ ಗಾಜಿನ ಆರು ಹಲಗೆ, ಒಂದು ಆಳೆತ್ತರದ ಕನ್ನಡಿ ಹೋಗಬೇಕಿತ್ತು. ನೀರಿನ ದೊಡ್ಡ ಟ್ಯಾಂಕಿನ ಪಕ್ಕದಲ್ಲಿ ಹತ್ತುವ ಆ ರಸ್ತೆಗೆ ಸರಿಯಾಗಿ ನಡುವಿನಲ್ಲಿ ಸಿಗ್ನಲ್ ಇಟ್ಟ ಪುಣ್ಯಾತ್ಮ ಯಾರೋ, ಅವನು ಭಾರದ ಗಾಡಿ ಓಡಿಸಿದವನಂತೂ ಅಲ್ಲ. ಕೆಂಪು ಬಿತ್ತು. ಭಾವ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದರು. ಅಷ್ಟರಲ್ಲಿ ಆ ಮನೆಯವರ ಫೋನು ಬಂತು. ಎಲ್ಲಿದ್ದೀರಿ, ಮೇಸ್ತ್ರಿ ಕಾಯುತ್ತಿದ್ದಾನೆ ಎಂದರು. ನಾನು ಒಂದು ಕೈಯಲ್ಲಿ ಫೋನು ಹಿಡಿದು, ಇನ್ನೊಂದು ಕೈಯನ್ನು ಇನ್ನೊಂದು ಕಿವಿಗೆ ಒತ್ತಿಕೊಂಡು ದಾರಿ ಹೇಳುತ್ತಿದ್ದೆ. ನನ್ನ ತಪ್ಪು ಅದು. ಯಾರು ಏನೇ ಹೇಳಲಿ, ಅದು ನನ್ನ ತಪ್ಪು.

ಹಸಿರು ಬಿತ್ತು. ಭಾವ ಡೀಸೆಲ್ಲಿಗೆ ಬಿಡುವ ಹಾಗೆ ಕ್ಲಚ್ ಬಿಟ್ಟರು, ಮೆತ್ತಗೆ, ಆಕ್ಸಿಲರೇಟರ್ ಇಲ್ಲದೆ. ಗಾಡಿ ಒಮ್ಮೆ ಕುಲುಕಿತು. ಡೀಸೆಲ್ಲಿನಲ್ಲಿ ಆ ಕುಲುಕು ಬಂದರೆ ಎಳೆಯುವುದಕ್ಕೆ ತಯಾರು ಎಂದು ಅರ್ಥ. ಇಲ್ಲಿ ಅದು ಎಂಜಿನ್ ಸತ್ತ ಕುಲುಕು. ಭಾವ ಹ್ಯಾಂಡ್‌ಬ್ರೇಕ್ ಇಳಿಸಿದರು. ಗಾಡಿ ಮುಂದೆ ಹೋಗಲಿಲ್ಲ. ಇನ್ನೊಮ್ಮೆ ಪ್ರಯತ್ನಿಸೋಣವೆಂದು ಕ್ಲಚ್ ಒತ್ತಿದರು.

ಗಾಡಿ ಹಿಂದಕ್ಕೆ ಜಾರಿತು.

ಹಿಂದಿನಿಂದ ಯಾರೋ ಕೂಗಿದರು. ನಾನು, ಭಾವ, ಗಾಡಿ ಹಿಂದೆ ಹೋಗ್ತಿದೆ ಎಂದು ಕೂಗಿದೆ. ಮತ್ತೆ ಕೂಗಿದೆ. ಅವರ ಮುಖ ಇವತ್ತಿಗೂ ನನ್ನ ಕಣ್ಣ ಮುಂದಿದೆ. ಏರಿನ ಮೇಲಕ್ಕೆ ನೋಡುತ್ತಾ, ಈಗ ಎಳೆದುಕೊಳ್ಳುತ್ತದೆ ಎಂದು ನಂಬಿ, ಸತ್ತ ಎಂಜಿನ್ನಿಗೆ ಆಕ್ಸಿಲರೇಟರ್ ಒತ್ತುತ್ತಾ ಕೂತಿದ್ದರು. ನಾನು ಫೋನು ಬಿಸಾಡಿ ಎರಡೂ ಕೈಯಲ್ಲಿ ಹ್ಯಾಂಡ್‌ಬ್ರೇಕ್ ಎಳೆದೆ. ಬೆನ್ನ ಹಿಂದೆ ಕನ್ನಡಿ ಸೀಳಿದ ಸದ್ದು ಬಂತು. ಅದರ ಹಿಂದೆಯೇ ಒಂದು ಚಿಕ್ಕ ಸದ್ದು, ತಂತಿ ಮುರಿದ ಹಾಗೆ.

ಇಳಿದು ಓಡಿದೆ. ಸೈಕಲ್ ತಳ್ಳಿಕೊಂಡು ಏರು ಹತ್ತುತ್ತಿದ್ದ ವಯಸ್ಸಾದವರೊಬ್ಬರು ಪಕ್ಕಕ್ಕೆ ಹಾರಿಕೊಂಡು ಬದುಕಿದ್ದರು. ಸೈಕಲ್ಲಿನ ಮುಂದಿನ ಗಾಲಿ ನಮ್ಮ ಬಂಪರಿನ ಕೆಳಗೆ ಬಾಗಿ ಕೂತಿತ್ತು. ಅವರು ಆಮೇಲೆ ಇಳಿದುಬಂದ ಭಾವನ ಮುಖಕ್ಕೆ ಮುಖ ಕೊಟ್ಟು, "ಅಷ್ಟು ಕೂಗಿದ್ನಲ್ಲ, ನಿಮಗೆ ಕಿವಿ ಇಲ್ವಾ?" ಎಂದರು.

ಕೋಪದಲ್ಲಿ ಯಾರಾದರೂ ಆಡುವ ಮಾತು ಅದು. ಭಾವ ಅದನ್ನು ಅಕ್ಷರ ಅಕ್ಷರವಾಗಿ ಓದಿಕೊಂಡರು. ಗಾಡಿ ಆಫ್ ಆಯಿತು, ಕ್ಷಮಿಸಿ, ಪೆಟ್ರೋಲ್ ಗಾಡಿ, ಏರಿಗೆ ಆಗುವುದಿಲ್ಲ ಎಂದರು. ನಾವು ಗಾಜು ಇಳಿಸಿ, ಅವರನ್ನೂ ಸೈಕಲ್ಲನ್ನೂ ರಿಪೇರಿ ಅಂಗಡಿಗೆ ಮುಟ್ಟಿಸಿ, ಗಾಲಿ ಹೊಸದು ಹಾಕಿಸಿಕೊಟ್ಟು ವಾಪಸ್ಸಾದೆವು. ದಾರಿಯುದ್ದಕ್ಕೂ ನಾನು ಒಂದು, ಎರಡು ಎಂದು ತಟ್ಟುತ್ತಾ ಕೂತಿದ್ದೆ.

ಮೇಡಂ ಮೊದಲು ಕೇಳಿದ್ದು ಯಾರಿಗಾದರೂ ಏನಾದರೂ ಆಯಿತೇ ಎಂದು. ಇಲ್ಲ ಎಂದಮೇಲೆ ಒಡೆದ ಕನ್ನಡಿಯನ್ನು ನೋಡಿದರು, ನಮ್ಮಿಬ್ಬರ ಮುಖ ನೋಡಿದರು. ಏರಿನಲ್ಲಿ ಭಾರ ತಡೆಯದೆ ಎಂಜಿನ್ ನಿಂತುಹೋಯಿತು ಎಂದು ಭಾವ ಹೇಳಿದರು. ಅದರಲ್ಲೂ ಸುಳ್ಳಿರಲಿಲ್ಲ ನೋಡಿ. ಮೇಡಂ, ನೀವು ಮೊದಲೇ ಹೇಳಿದ್ದಿರಿ, ನಾನೇ ಹಟ ಮಾಡಿದೆ, ನಾಳೆ ಗಾಡಿ ವಾಪಸ್ಸು ಹೋಗುತ್ತದೆ ಎಂದರು. ಡೀಸೆಲ್ ಗೆದ್ದಿತು ಎಂದು ಅಂಚು ಉಜ್ಜುವವನು ಸಾರಿದ. ಚೌಕಟ್ಟಿನವಳು, ಗೆದ್ದದ್ದಕ್ಕೆ ಟೀ ಕೊಡಿಸಿ ಭಾವ ಎಂದಳು. ಭಾವನಿಗೆ ಬೇಕಾದದ್ದು ಸಿಕ್ಕಿತ್ತು. ಇನ್ನು ಹತ್ತು ವರ್ಷ ಅವರನ್ನು ಯಾರೂ ಕೇಳುತ್ತಿರಲಿಲ್ಲ. ಆದರೆ ಅವರು ಅವತ್ತು ಪುರಾಣ ತೆಗೆಯಲಿಲ್ಲ. ಬಾಯಿ ಮುಚ್ಚಿಕೊಂಡು, ಎಲ್ಲರ ತುಟಿಗಳ ನಡುವೆ ದಾರಿ ತಪ್ಪಿದವರ ಹಾಗೆ ನಿಂತಿದ್ದರು.

ಸಂಜೆ ಊಟಕ್ಕೆ ಅಕ್ಕನ ಮನೆಗೆ ಹೋದೆ. ಅಕ್ಕ ಬಡಿಸುತ್ತಾ, ಇವರಿಗೆ ಏನಾಗಿದೆ, ಬಂದಾಗಿನಿಂದ ಮಾತಿಲ್ಲ, ನಾನು ಬೈದರೂ ಮಾತಿಲ್ಲ, ಬೈಯುವುದಕ್ಕೂ ರುಚಿ ಇಲ್ಲದ ಹಾಗೆ ಮಾಡಿದ್ದಾರೆ ಎಂದಳು. ನಾನು ತಟ್ಟೆ ನೋಡಿದೆ. ಭಾವ ಅರ್ಧಕ್ಕೇ ಎದ್ದು ಕೈ ತೊಳೆದರು. ನಾನು ಹೊರಡುವಾಗ ಗೇಟಿನವರೆಗೆ ಬಂದು ದೀಪದ ಕೆಳಗೆ ನನ್ನನ್ನು ನಿಲ್ಲಿಸಿಕೊಂಡರು, ತುಟಿ ಕಾಣುವ ಹಾಗೆ.

"ಆ ಸೈಕಲ್ಲಿನೋರು ಎಷ್ಟು ಸಲ ಕೂಗಿದ್ರು?"

ಒಂದು ಎಂದು ಹೇಳಬಹುದಿತ್ತು. ನನಗೆ ಆಗಲಿಲ್ಲ. ಮೂರು ಸಲ ಎಂದೆ.

"ನೀನು?"

"ನಾನೂ ಕೂಗಿದೆ ಭಾವ."

"ಆಗ ನಾನು ಏನ್ ಮಾಡ್ತಿದ್ದೆ?"

"ಮುಂದೆ ನೋಡ್ತಾ ಕೂತಿದ್ರಿ," ಎಂದೆ. "ಆರಾಮಾಗಿ."

ಅವರು ಗೇಟಿನ ಚಿಲಕವನ್ನು ಹಾಕಿ ತೆಗೆದು, ಹಾಕಿ ತೆಗೆದು ಮಾಡಿದರು. ಆಮೇಲೆ ಹೋಗು, ಬೆಳಿಗ್ಗೆ ಬೇಗ ಬಾ ಎಂದರು.

ಶುಕ್ರವಾರ ಬೆಳಿಗ್ಗೆ ಶೋರೂಮಿನ ಹೆಂಗಸು ಗಾಡಿ ತೆಗೆದುಕೊಂಡು ಹೋಗುವುದಕ್ಕೆ ಬಂದಳು, ಜೊತೆಗೊಬ್ಬ ಮೆಕ್ಯಾನಿಕ್ಕು. ಅವನು ಬಾನೆಟ್ ಎತ್ತಿ ಇಳಿಸಿ, ಏರು ರಸ್ತೆಗೂ ಹೋಗಿಬಂದು, ಏನೂ ಕೆಟ್ಟಿಲ್ಲ ಎಂಬಂತೆ ಕೈಯಾಡಿಸಿದ. ಆಮೇಲೆ ಅವಳು ಮೇಡಂ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಗಾಜಿನ ಅಂಗಡಿಯ ಒಡತಿಯ ಕೋಣೆಗೆ ಗೋಡೆ ಎಲ್ಲಿಂದ ಬರಬೇಕು, ನಾಲ್ಕು ಕಡೆಯೂ ಗಾಜೇ. ದಪ್ಪ ಗಾಜು, ನಾನೇ ಕೊಯ್ದದ್ದು. ಒಳಗಿನ ಮಾತು ಹೊರಗೆ ಬರುವುದಿಲ್ಲ. ಬಂದರೂ ಅಂಚು ಉಜ್ಜುವ ಯಂತ್ರದ ಗದ್ದಲದಲ್ಲಿ ಸಿಗುವುದಿಲ್ಲ. ನನಗೆ ಕಾಣುತ್ತಿದ್ದುದು ಇಬ್ಬರು ಹೆಂಗಸರ ಬಾಯಿ ಮಾತ್ರ. ಭಾವ ನನ್ನ ಮೇಜಿನ ಪಕ್ಕ ನಿಂತು ಅದನ್ನೇ ನೋಡುತ್ತಿದ್ದರು.

"ಗಾಡೀಲಿ ಏನೂ ದೋಷ ಇಲ್ಲ ಅಂತಿದ್ದಾಳೆ," ಎಂದರು ನನಗೆ, ಪತ್ರ ಓದಿ ಹೇಳುವವರ ಹಾಗೆ. "ಓಡಿಸಿದೋರು ತಪ್ಪು ಮಾಡಿರ್ಬೇಕು ಅಂತಿದ್ದಾಳೆ. ಈ ತಿಂಗಳು ಇದು ಎರಡನೇ ಗಾಡಿ ವಾಪಸ್ ಹೋಗ್ತಿರೋದಂತೆ. ಮೇಲಿನೋರು ಅವಳನ್ನ ಕೇಳ್ತಾರಂತೆ."

ಮೇಡಂ ಏನೋ ಹೇಳಿದರು. ಚಿಕ್ಕ ಮಾತು. ಭಾವ ಅದನ್ನು ನನಗೆ ಹೇಳಲಿಲ್ಲ.

ಏನಂತೆ ಎಂದು ಅವರ ತೋಳು ತಟ್ಟಿ ಕೇಳಿದೆ.

"ಇಪ್ಪತ್ತೆರಡು ವರ್ಷದಲ್ಲಿ ನಮ್ಮ ಭಾವ ಸುಳ್ಳು ಹೇಳಿದ್ದು ನಾನು ನೋಡಿಲ್ಲ, ಅಂದ್ರು."

ಅಷ್ಟು ಹೇಳಿ ಅವರು ಅಂಗಿಯ ಗುಂಡಿ ಸರಿಮಾಡಿಕೊಂಡು ಹೊರಟರು. ಗಾಜಿನ ಬಾಗಿಲು ತೆರೆಯಿತು, ಮುಚ್ಚಿಕೊಂಡಿತು. ಇನ್ನು ಹೊರಗೆ ಉಳಿದವನು ನಾನು. ಭಾವನ ಬೆನ್ನು ಕಾಣುತ್ತಿತ್ತು, ತುಟಿ ಕಾಣುತ್ತಿರಲಿಲ್ಲ. ಅವರ ಕೈ ಒಮ್ಮೆ ಕಿವಿಯ ಹತ್ತಿರ ಹೋಗಿ ಕೆಳಗಿಳಿಯಿತು. ಮೇಡಂ ನಿಂತಿದ್ದವರು ಕೂತರು. ಬಾಯಿಯ ಮೇಲೆ ಕೈ ಇಟ್ಟುಕೊಂಡೇ ಏನೋ ಕೇಳಿದರು. ಭಾವ ಮುಂದಕ್ಕೆ ಬಾಗಿದರು. ಆಗ ಮೇಡಂ ಕೈ ತೆಗೆದು, ಅದೇ ಮಾತನ್ನು ಇನ್ನೊಮ್ಮೆ, ನಿಧಾನವಾಗಿ ಹೇಳಿದರು. ಭಾವ ಎಲ್ಲಾ ಹೇಳಿಬಿಟ್ಟರು ಎಂದು ನನಗೆ ಗೊತ್ತಾದದ್ದು ಆಗ. ಕೈಯಲ್ಲಿದ್ದ ಗಾಜು ಕೊಯ್ಯುವ ಕಟ್ಟರನ್ನು ಎಲ್ಲಿಟ್ಟೆನೋ, ಆಮೇಲೆ ಅರ್ಧ ಗಂಟೆ ಹುಡುಕಿದೆ.

ನನ್ನನ್ನೂ ಕರೆದರು. ಮೇಡಂ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಎಂಟು ತಿಂಗಳು ಗೊತ್ತಿತ್ತೇ ಎಂದು ನನ್ನನ್ನು ಕೇಳಿದರು. ಹೌದು ಎಂದೆ. ಆ ಸೈಕಲ್ಲಿನವರ ಜಾಗದಲ್ಲಿ ನಿನ್ನ ಅಕ್ಕ ಇದ್ದಿದ್ದರೆ ಎಂದರು.  ಕಿವಿಯ ಪರೀಕ್ಷೆ ಆಗಬೇಕು, ಯಂತ್ರ ಹಾಕಿಕೊಂಡು ಓಡಿಸಬಹುದು ಎಂದು ಡಾಕ್ಟರೂ ಲೈಸೆನ್ಸಿನ ಕಚೇರಿಯವರೂ ಬರೆದುಕೊಟ್ಟರೆ ಸರಿ, ಇಲ್ಲದಿದ್ದರೆ ಅಂಗಡಿಯೊಳಗೆ ಬೇರೆ ಕೆಲಸ ನೋಡೋಣ, ಅಲ್ಲಿಯವರೆಗೆ ಭಾವ ಸ್ಟಿಯರಿಂಗ್ ಮುಟ್ಟುವ ಹಾಗಿಲ್ಲ ಎಂದರು. ಪೆಟ್ರೋಲ್ ಗಾಡಿಯ ಮಾತನ್ನು ಆಮೇಲೆ ನೋಡೋಣ, ನಿನ್ನೆ ತಪ್ಪು ಗಾಡಿಯದಲ್ಲ ಎಂದು ಬರೆದುಕೊಡುತ್ತೇನೆ ಎಂದು ಆ ಹೆಂಗಸಿಗೆ ಹೇಳಿದರು. ಕೊನೆಗೆ ನನ್ನ ಕಡೆ ತಿರುಗಿದರು.

"ಟ್ಯಾಂಕಿನ ಏರಿನ ಮನೆಗೆ ಇವತ್ತು ಬೇರೆ ಕನ್ನಡಿ ಹೋಗ್ಬೇಕು, ಅವರ ಗಾಜಿನ ಎರಡನೇ ಲೋಡೂ ಇದೆ. ನಿನ್ ಹತ್ರ ಲೈಸೆನ್ಸ್ ಇದೆಯಲ್ವಾ?"

ಇತ್ತು. ಖಾಲಿ ಗಾಡಿಯನ್ನು ಸಮತಟ್ಟು ರಸ್ತೆಯಲ್ಲಿ ಓಡಿಸಿ ಪಡೆದದ್ದು. ಭಾರ ಹೇರಿ ಏರು ಹತ್ತಿಸಿದವನಲ್ಲ ನಾನು.

ಹಳೆಯ ಡೀಸೆಲ್ಲನ್ನೇ ತೆಗೆದೆವು. ಕನ್ನಡಿಗೆ ಎರಡು ಪದರ ಹೆಚ್ಚು ಕಂಬಳಿ ಸುತ್ತಿದೆ. ಭಾವ ಅಭ್ಯಾಸಬಲದಿಂದ ಡ್ರೈವರ್ ಬಾಗಿಲಿಗೆ ಹೋದರು, ನಿಂತರು, ಗಾಡಿಯ ಮುಂದಿನಿಂದ ಸುತ್ತಿಕೊಂಡು ಬಂದು ನನ್ನ ಜಾಗದಲ್ಲಿ ಕೂತರು. ಅಂಚು ಉಜ್ಜುವವನು ಬಾಗಿಲಲ್ಲಿ ನಿಂತು ನೋಡುತ್ತಿದ್ದ, ಅವನಿಗೂ ಹಾಸ್ಯ ಹೊಳೆಯಲಿಲ್ಲ.

ದಾರಿಯಲ್ಲಿ ನಾನು ಗೇರು ಹಾಕಿದಾಗಲೆಲ್ಲ ಭಾವ ಮುಖ ಹಿಂಡಿದರು. ನಿಮಗೆ ಹೇಗೆ ಗೊತ್ತಾಗುತ್ತದೆ ಎಂದು ರೇಗಿದೆ. ಅವರು ನನ್ನ ತುಟಿ ನೋಡಿರಲಿಲ್ಲ, ಆದರೂ, ಬೆನ್ನಿಗೆ ಗುದ್ದುತ್ತಿದೆ, ಗೊತ್ತಾಗದೆ ಇರುತ್ತದೆಯೇ ಎಂದರು. ಸ್ವಲ್ಪ ದೂರ ಹೋದಮೇಲೆ, ಅಕ್ಕನಿಗೆ ನೀನೇ ಹೇಳಬೇಕು ಎಂದರು. ನಾನು ಹೇಳುವುದಿಲ್ಲ ಎಂದು ತಲೆಯಾಡಿಸಿದೆ. ಅದಕ್ಕೆ ಭಾವ, ನಾನು ಹೇಳಿದರೆ ಅವಳು ಮುಖ ತಿರುಗಿಸಿಕೊಂಡು ಅಳುತ್ತಾಳೆ, ಏನಂದಳು ಅಂತ ನನಗೆ ತಿಳಿಯುವುದಿಲ್ಲ ಎಂದರು. ಅದನ್ನು ನಗಿಸುವುದಕ್ಕೆ ಹೇಳಿದರೋ ಏನೋ. ಇಬ್ಬರೂ ನಗಲಿಲ್ಲ.

ಏರಿನ ನಡುವೆ ಕೆಂಪು ಬಿತ್ತು. ಬೀಳದಿರಲಿ ಎಂದು ಹರಸಿಕೊಂಡದ್ದು ವ್ಯರ್ಥ. ಹ್ಯಾಂಡ್‌ಬ್ರೇಕ್ ಎಳೆದು ಕೂತೆ.  ಹಿಂದಿನ ಕನ್ನಡಿಯಲ್ಲಿ ಒಂದು ಕಾರು, ಅದರ ಹಿಂದೆ ಸ್ಕೂಟರುಗಳು, ಅದರ ಹಿಂದೆ ಬಸ್ಸು. ಎಂಜಿನ್ ಗಡಗಡ ಎನ್ನುತ್ತಿತ್ತು. ಆ ಸದ್ದು ನನಗೆ ಬರೀ ಸದ್ದು, ಅದರಲ್ಲಿ ನನಗೆ ಒಂದು ಮಾತೂ ತಿಳಿಯಲಿಲ್ಲ. ಭಾವ ಚಪ್ಪಲಿ ಕಳಚಿ ಎರಡೂ ಪಾದಗಳನ್ನು ನೆಲದ ತಗಡಿಗೆ ಊರಿದರು. ಕಣ್ಣು ಮುಚ್ಚಿದರು.

ಹಸಿರು ಬಿತ್ತು.

"ಕ್ಲಚ್ ಬಿಡು, ಮೆತ್ತಗೆ," ಎಂದರು. "ಇರು. ಅಲ್ಲೇ ಇರು."

ಹಿಂದಿನ ಕಾರಿನವನು ಹಾರ್ನ್ ಹೊಡೆದ. ಬಸ್ಸಿನವನೂ ಹೊಡೆದ. ಹ್ಯಾಂಡ್‌ಬ್ರೇಕಿನ ಮೇಲಿದ್ದ ನನ್ನ ಕೈ ತಾನಾಗಿಯೇ ಇಳಿಸುವುದಕ್ಕೆ ಹೊರಟಿತು. ಭಾವನ ಕೈ ಅದರ ಮೇಲೆ ಬಂದು ಕೂತಿತು, ಭಾರವಾಗಿ. ಆ ಹಾರ್ನುಗಳೆಲ್ಲ ನನಗೆ ಮಾತ್ರ. ಅವರು ಇನ್ನೂ ಕಣ್ಣು ಬಿಟ್ಟಿರಲಿಲ್ಲ.

"ಇರು," ಎಂದರು. "ಕುಲುಕು ಇನ್ನೂ ಬಂದಿಲ್ಲ. ಇರು."

ನಾನು ಇದ್ದೆ.